ಪ್ರಥಮ ರಜೋದರ್ಶನವೂ ತಾಯಿಯ ಕರ್ತವ್ಯವೂ

ಈ ಶಿರೋನಾಮೆಯನ್ನು ಕಂಡ ಕೂಡಲೆ ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕುವರೆಂದು ಬಲ್ಲೆನು. ‘ಸಾಹಿತ್ಯದ ಪತ್ರಿಕೆಯಲ್ಲಿ ಒಳಮನೆಯ ಮಾತೇಕೆ? ವಯಸ್ಸಾದ ಮೇಷ್ಟರಿಗೆ ಬೇರೆ ವಿಷಯ ದೊರೆಯಲಿಲ್ಲವೆ?’ ಎಂದು ಕೇಳುವರು. ದೊರೆಯದೆ ಏನು? ಆದರೆ ಮೂವತ್ತೈದು ವರ್ಷ ಪಾಠ ಹೇಳಿದ ನಾನು ಹೇಳದೆ ಬಿಟ್ಟ ಪಾಠ ಇದೊಂದು. ಆ ಋಣವನ್ನು ತೀರಿಸುವುದಕ್ಕಾಗಿಯೇ ಲೇಖನಿ ಹಿಡಿದಿದ್ದೇನೆ.

ನನ್ನ ತಂಗಿ ಮೈನೆರೆದದ್ದು ಐವತ್ತು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ. ಕಳಸದ ಸೀಮೆಯ ಮಳೆಯನ್ನು ಬಲ್ಲವರಿಗೆ ಆಷಾಢವೆಂದರೇನೆಂದು ಹೇಳಬೇಕಾಗಿಲ್ಲ. ಹನ್ನೆರಡು ವರ್ಷದ ಆ ಹುಡುಗಿಗೆ ಒಂದು ಚಾಪೆ, ಒಂದು ಕಂಬಳಿ, ಒಂದು ತಟ್ಟೆ, ಒಂದು ಚೊಂಬು ಕೊಟ್ಟು ಕೊಟ್ಟಿಗೆಯ ಮಗ್ಗುಲ ಜಗಲಿಯಲ್ಲಿ ಕೂರಿಸಿದರು. ತನಗೇನಾಯಿತೆಂಬುದು ಅವಳಿಗೆ ತಿಳಿಯದು. ಸಾಯುವೆನೆಂದೇ ಬಗೆದು ‘ಅಮ್ಮಾ, ಹತ್ತಿರ ಬಾ’ ಎಂದು ಅತ್ತಳು. ನಮ್ಮಮ್ಮ ಹೊಸ್ತಿಲೊಳಗೆ ನಿಂತು ‘ಅಳಬೇಡ ಕೂಸೇ, ಎಲ್ಲರಿಗೂ ಆಗುವುದೇ’ ಎಂದಳು. ತಾನೂ ಸೆರಗಿನಿಂದ ಕಣ್ಣೊರಸಿಕೊಂಡಳು. ಹೊಸ್ತಿಲನ್ನು ಮಾತ್ರ ದಾಟಲಿಲ್ಲ. ಅಮ್ಮ ಕಠಿನಳಲ್ಲ. ಹಸು ಈಯುವಾಗ ರಾತ್ರಿಯೆಲ್ಲ ಅದರ ಬೆನ್ನು ಸವರುತ್ತ ಕೂರುತ್ತಿದ್ದವಳು. ಹಸುವಿಗೆ ದೊರೆತ ಆ ಕೈ ಮಗಳಿಗೆ ದೊರೆಯದಂತೆ ಮಾಡಿದ ಆಚಾರದ ಮೇಲೆ ನನ್ನ ಆಕ್ಷೇಪಣೆಯೇ ಹೊರತು ಅಮ್ಮನ ಮೇಲಲ್ಲ.

‘ಅದು ಆ ಕಾಲ, ಈಗೆಲ್ಲಿದೆ?’ ಎನ್ನುವಿರಾ? ಮನೆಗೆ ತಾರಸಿ ಬಂದಿತು, ಅಂಗಳಕ್ಕೆ ಕಾರು ಬಂದಿತು. ಆದರೂ ಎಷ್ಟೋ ಮನೆಗಳಲ್ಲಿ ಆ ಮೂರು ದಿನ ಕೋಣೆ ಬೇರೆ, ತಟ್ಟೆ ಬೇರೆ. 2023ರ ಜುಲೈ ತಿಂಗಳಿನಲ್ಲಿ ತುಮಕೂರಿನ ಸಮೀಪದ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಹೊರಗಿನ ಗುಡಿಸಿಲಿನಲ್ಲಿರಿಸಿದ ಬಾಣಂತಿಯ ಹಸುಗೂಸು ಶೀತಕ್ಕೆ ಬಲಿಯಾಯಿತು. ಪತ್ರಿಕೆಯಲ್ಲಿ ಓದಿ ನಾವು ಮರುಗಿದೆವು. ಆ ಗುಡಿಸಿಲಿಗೂ ನಮ್ಮ ಜಗಲಿಗೂ ಇರುವ ಅಂತರವೆಷ್ಟು?

ಪೂರ್ವಪಕ್ಷದ ಮೊದಲ ಆಧಾರ ಶಾಸ್ತ್ರ. ಪಾಠಶಾಲೆಯಲ್ಲಿ ಓದಿದ ನಾನು ಶಾಸ್ತ್ರದಲ್ಲಿ ನಿಷೇಧವೇ ಇಲ್ಲವೆಂದು ಸುಳ್ಳಾಡಲಾರೆ. ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಕಥೆಯಿದೆ. ವಿಶ್ವರೂಪನನ್ನು ಕೊಂದ ಇಂದ್ರನು ತನ್ನ ಬ್ರಹ್ಮಹತ್ಯೆಯನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಸ್ತ್ರೀಯರಿಗೆ ಹಂಚಿದನು. ಭೂಮಿಯ ಪಾಲು ಬರಡು ಬಿರುಕಾಯಿತು. ಮರದ ಪಾಲು ಅಂಟಾಯಿತು. ಸ್ತ್ರೀಯ ಪಾಲು ರಜಸ್ಸಾಯಿತು. ಪ್ರತಿಯಾಗಿ ಮೂವರಿಗೂ ವರ ದೊರೆಯಿತು: ಅಗೆದ ನೆಲ ವರ್ಷದೊಳಗೆ ತುಂಬಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಸ್ತ್ರೀಯು ಸಂತಾನ ಪಡೆಯಲಿ ಎಂದು. ನಾವು ವರ್ಷವರ್ಷವೂ ತೋಟದಲ್ಲಿ ಮರಗಸಿ ಮಾಡಿಸುತ್ತೇವೆ; ಅಂಟು ಸುರಿಯುವ ಮರವನ್ನು ಮುಟ್ಟಿದ್ದಕ್ಕಾಗಿ ಸ್ನಾನಮಾಡಿದವರುಂಟೆ? ಬಿರುಕುಬಿಟ್ಟ ನೆಲವನ್ನು ತುಳಿದು ಮಡಿ ಉಟ್ಟವರುಂಟೆ? ಪಾಪ ಇಂದ್ರನದು, ಪಾಲುದಾರರು ಮೂವರು, ಶಿಕ್ಷೆ ಒಬ್ಬಳಿಗೆ! ಮೇಲಾಗಿ ಅಲ್ಲಿ ನಿಷೇಧವನ್ನು ಮೀರಿದುದಕ್ಕೆ ಹೇಳಿದ ಫಲವೆಲ್ಲ ಹುಟ್ಟಲಿರುವ ಮಗುವನ್ನು ಕುರಿತದ್ದು. ಅದು ಗೃಹಿಣಿಯ ವ್ರತ. ಪಾಟಿಚೀಲ ಹೊತ್ತು ಶಾಲೆಗೆ ಹೋಗುವ ಬಾಲೆಯದಲ್ಲ.

ರಜೋದರ್ಶನಕ್ಕೆ ಮೊದಲೇ ಕನ್ಯಾದಾನವಾಗಬೇಕೆಂದೂ ಸ್ಮೃತಿಗಳು ಹೇಳಿದವು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ತುಂಬದ ಹೆಣ್ಣಿನ ವಿವಾಹವನ್ನು ನಿಷೇಧಿಸಿತು. 1929ರ ಶಾರದಾ ಕಾಯಿದೆ ಹದಿನಾಲ್ಕು ವರ್ಷವನ್ನು ಗೊತ್ತುಮಾಡಿತು. ಆಗಲೂ ಧರ್ಮ ಮುಳುಗಿತೆಂದು ಕೂಗಿದವರಿದ್ದರು. ಇಂದು ಅವರ ಮರಿಮಕ್ಕಳು ಮಗಳನ್ನು ಕಾಲೇಜಿಗೆ ಕಳುಹಿಸಿ ಹೆಮ್ಮೆಪಡುತ್ತಿದ್ದಾರೆ. ಅಷ್ಟು ದೊಡ್ಡ ವಿಧಿಯನ್ನು ಬಿಟ್ಟು ಈ ತಟ್ಟೆ ಚೊಂಬುಗಳನ್ನು ಹಿಡಿದು ಕುಳಿತಿರುವುದು ಯಾವ ನ್ಯಾಯ? ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಅಮರಸಿಂಹನು ತನ್ನ ಕೋಶದಲ್ಲಿ ರಜಸ್ವಲೆಗೆ ‘ಮಲಿನೀ’ ಎಂಬ ಹೆಸರನ್ನೂ ಹೇಳಿದ್ದಾನೆ, ‘ಪುಷ್ಪವತೀ’ ಎಂಬುದನ್ನೂ ಹೇಳಿದ್ದಾನೆ. ಹೂಮಳೆಗಾಗಿ ಆಕಾಶ ನೋಡುವ ಕಾಫಿಯ ನಾಡಿನವರಾದ ನಾವು ಎರಡನೆಯ ಹೆಸರನ್ನು ಮರೆತು ಮೊದಲನೆಯದನ್ನೇ ಉಳಿಸಿಕೊಂಡೆವು.

ಘಟ್ಟದ ಕೆಳಗಿನವರು ನಮಗಿಂತ ಜಾಣರು. ಚಾರ್ಮಾಡಿ ಇಳಿದು ತುಳುನಾಡಿಗೆ ಹೋದರೆ, ಮಕರಮಾಸದ ಕೊನೆಗೆ ‘ಕೆಡ್ಡಸ’ವೆಂದು ಆಚರಿಸುತ್ತಾರೆ. ಭೂಮಿತಾಯಿ ಮೈನೆರೆದ ದಿನಗಳವು. ಆಗ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಹೆಂಗಸರು ಭೂಮಿಗೆ ಎಣ್ಣೆ ಬಿಟ್ಟು ಪೂಜಿಸುತ್ತಾರೆ. ನೆಲಕ್ಕೆ ಸಲ್ಲುವ ಉಪಚಾರ ನೆಲದ ಮೇಲೆ ನಡೆಯುವ ಮಗಳಿಗೆ ಸಲ್ಲಬಾರದೆ?

ಎರಡನೆಯ ಆಧಾರವು ಸ್ವಲ್ಪ ನಯವಾದದ್ದು: ‘ಹೊರಗೆ ಕೂರಿಸುವುದು ವಿಶ್ರಾಂತಿಗಾಗಿ.’ ವಿಶ್ರಾಂತಿಯನ್ನು ನಾನೂ ಬೇಡುತ್ತೇನೆ. ಆದರೆ ಜ್ವರ ಬಂದ ಮಗನಿಗೂ ವಿಶ್ರಾಂತಿ ಕೊಡುವಿರಷ್ಟೆ. ಅವನನ್ನು ಜಗಲಿಗೆ ದೂಡುವಿರೊ, ಬೆಚ್ಚಗಿನ ಒಳಮನೆಯಲ್ಲಿ ಮಲಗಿಸಿ ಹಣೆ ಮುಟ್ಟಿ ನೋಡುವಿರೊ?

ಮೂರನೆಯದು ಮೌನ. ಇದು ಎಲ್ಲಕ್ಕಿಂತ ಅಪಾಯಕರ. ಹತ್ತರಿಂದ ಹದಿನಾರರೊಳಗೆ ಯಾವಾಗಲಾದರೂ ಬರತಕ್ಕ ಈ ದಿನವನ್ನು ತಾಯಿ ಮೊದಲೇ ತಿಳಿಸಿರಬೇಕು. ಮೊದಲೆರಡು ವರ್ಷ ದಿನಗಳ ಲೆಕ್ಕ ಏರುಪೇರಾಗುವುದು ಸಹಜವೆಂದು ಧೈರ್ಯ ಹೇಳಬೇಕು. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಂಕಟವುಂಟು. ಬಳಸಿದ ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕೆಂದು ವೈದ್ಯರು ಹೇಳುವರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲನ್ನು ಎಲ್ಲಿಂದ ತರುವುದು? ನಾಚಿಕೆಗಂಜಿ ಹುಡುಗಿಯರು ಅದನ್ನು ಹಾಸಿಗೆಯ ಕೆಳಗೆ, ಸೌದೆಯ ಸಂದಿಯಲ್ಲಿ ಅಡಗಿಸುತ್ತಾರೆ. ಹಸಿ ಬಟ್ಟೆಯೇ ಮತ್ತೆ ಮೈಗೆ ಬರುತ್ತದೆ. ತುರಿಯೂ ಹುಣ್ಣೂ ಹಿಂಬಾಲಿಸುತ್ತವೆ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಮನೆಮಂದಿಯ ಪಂಚೆ ಟವಲುಗಳ ಪಕ್ಕದಲ್ಲಿಯೇ ಅದನ್ನು ಒಣಹಾಕುವ ಧೈರ್ಯ ತಾಯಿಗೆ ಬಂದರೆ ಅರ್ಧ ರೋಗ ನಿಂತೀತು. ಪ್ಯಾಡನ್ನು ಬಳಸುವವರೂ ನಾಲ್ಕಾರು ಗಂಟೆಗೊಮ್ಮೆ ಬದಲಿಸತಕ್ಕದ್ದು.

ತೋಟದ ಯಜಮಾನರಿಗೂ ಒಂದು ಮಾತು. ನಿಮ್ಮ ಮಗಳಿಗೆ ಆರತಿ, ಚಿಗಳಿ, ಕೊಬ್ಬರಿಬೆಲ್ಲಗಳಾದರೂ ಉಂಟು. ಲೈನುಮನೆಯ ಹುಡುಗಿ ಮೈನೆರೆದ ಹೊತ್ತಿಗೆ ಅವಳ ತಾಯಿ ನಿಮ್ಮ ತೋಟದಲ್ಲಿ ಹಣ್ಣು ಕುಯ್ಯುತ್ತಿರುವಳು. ಮನೆಗೆ ಹೋದರೆ ಆ ದಿನದ ಕೂಲಿ ಇಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯೇ ಹೆಂಗಸರಿಗೆ ಬೇರೆ ಶೌಚಗೃಹವಿರಬೇಕೆಂದು ವಿಧಿಸಿತ್ತು. ಗಿಡದ ಮರೆಯನ್ನೇ ಶೌಚಗೃಹವೆಂದು ಎಣಿಸಿದವರು ನಮ್ಮಲ್ಲಿ ಎಷ್ಟು ಮಂದಿ! ಸರ್ಕಾರವು 2013-14ರಲ್ಲಿ ‘ಶುಚಿ’ ಯೋಜನೆಯನ್ನು ಆರಂಭಿಸಿ ಬಾಲೆಯರಿಗೆ ಉಚಿತವಾಗಿ ಪ್ಯಾಡುಗಳನ್ನು ಹಂಚತೊಡಗಿತು. ನಡುವೆ ಕೆಲವು ವರ್ಷ ಅದು ನಿಂತಾಗ ನಮ್ಮಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಮಗಳ ಆ ಒಂದು ದಿನಕ್ಕಾಗಿ ತಾಯಿಗೆ ಕೂಲಿಸಹಿತ ರಜೆಯೆಂದು ರೈಟರ ಹಾಜರಿ ಪುಸ್ತಕದಲ್ಲಿ ಬರೆಯಿಸಿದರೆ ನಿಮ್ಮ ತೋಟ ಬಡವಾಗದು.

ತಾಯಂದಿರೇ, ಕಡೆಗೆ ನಿಮ್ಮಲ್ಲಿಯೇ ವಿನಂತಿ. ಆ ದಿನ ನೀವು ಆಡುವ ಮೊದಲ ಮಾತು ಮಗಳ ಮನಸ್ಸಿನಲ್ಲಿ ಆಯುಷ್ಯವೆಲ್ಲ ನಿಲ್ಲುವುದು. ‘ದೂರ ಕೂರು’ ಎಂದರೆ ತನ್ನ ದೇಹವೇ ತಪ್ಪೆಂದು ಕಲಿಯುವಳು; ‘ಬಾ ಮಗಳೇ’ ಎಂದರೆ ತಾನು ತಾಯಿಯಂತೆಯೇ ಹೆಣ್ಣೆಂದು ಕಲಿಯುವಳು. ನನ್ನ ತಂಗಿಗೆ ಈಗ ಅರವತ್ತೆರಡು. ತನ್ನ ಮಗಳು ಮೈನೆರೆದ ರಾತ್ರಿ ಅವಳು ಅತ್ತೆಯ ಮುನಿಸನ್ನು ಲೆಕ್ಕಿಸದೆ ಮಗಳನ್ನು ತನ್ನ ಕಂಬಳಿಯೊಳಗೇ ಮಲಗಿಸಿಕೊಂಡಳು. ಅದನ್ನು ಹೇಳುವಾಗ ಇಂದಿಗೂ ಅವಳ ಕಣ್ಣು ತುಂಬುವುದು. ಅದು ಮಗಳಿಗಾಗಿಯೊ, ಜಗಲಿಯಲ್ಲಿ ಅತ್ತ ಆ ಹನ್ನೆರಡರ ಹುಡುಗಿಗಾಗಿಯೊ, ನಾನು ಕೇಳಲಿಲ್ಲ.