ಬಿಸಿಲಿಗೂ ಒಡೆಯರು ಹುಟ್ಟಿಕೊಂಡರು

ಹಾಸ್ಟೆಲ್ಲಿನ ಬಲ್ಬಿನ ಕೆಳಗೆ ಕೂತು ಓದುವ ನಾವು ಆ ಬೆಳಕು ಎಲ್ಲಿಂದ ಬಂತು ಅಂತ ಕೇಳೋದಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. 1985ರಿಂದ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಸುಡುತ್ತಿರುವುದು ಹೊರಗಿನ ಕಲ್ಲಿದ್ದಲು. ಅದರಲ್ಲಿ ತೆಲಂಗಾಣದ ಸಿಂಗರೇಣಿಯದೂ ಇದೆ. ನಮ್ಮ ಪುಸ್ತಕದ ಮೇಲೆ ಬೀಳುವ ಬೆಳಕಿನಲ್ಲಿ ನೆಲದಡಿ ಕೆಮ್ಮಿದವರ ಉಸಿರಿದೆ.

ಈಗ ಹೊಸ ಮಾತು ಕೇಳಿಬರ್ತಿದೆ. ಗಣಿ ಬರಿದಾಯ್ತು, ನೆಲ ಬೀಳು ಬಿತ್ತು, ಅಲ್ಲಿ ಸೋಲಾರ್ ಹಾಕೋಣ ಅಂತ. ಸಿಂಗರೇಣಿಯ ಗಣಿಗಾರಿಕೆ ಶುರುವಾದದ್ದು ಯೆಲ್ಲಂದುವಿನಲ್ಲಿ, 1889ರಲ್ಲಿ. ಅದೇ ಯೆಲ್ಲಂದುವಿನಲ್ಲಿ ಇಂದು ಕಂಪನಿಯ 39 ಮೆಗಾವಾಟಿನ ಸೋಲಾರ್ ಸ್ಥಾವರ ಇದೆ. ಹೊಗೆಯಿಲ್ಲ, ಬೂದಿಯಿಲ್ಲ. ಒಳ್ಳೇದೇ. ನಾವು ಸೂರ್ಯನ ವಿರೋಧಿಗಳಲ್ಲ. ಕಲ್ಲಿದ್ದಲ ಧೂಳು ಮೊದಲು ಬೀಳೋದು ಗುಡಿಸಲ ಗಂಜಿಯ ಮೇಲೇ.

ನಮ್ಮ ಪ್ರಶ್ನೆ ಒಂದೇ. ಆ ನೆಲ ಯಾರದು?

1957ರ ಕಾಯ್ದೆ ತೋರಿಸಿ ಗಣಿಸೀಮೆಗಳಲ್ಲಿ ಆದಿವಾಸಿಗಳ, ಬಡರೈತರ ನೆಲ ಕಸಿದರು. ಕಲ್ಲಿದ್ದಲು ಮುಗೀತು. ನೆಲ ವಾಪಸ್ ಬಂತೆ? 2022ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಂದು ನೀತಿ ಒಪ್ಪಿತು. ಗಣಿ ಮುಗಿದ ನೆಲದ ಒಡೆತನ ಸರ್ಕಾರಿ ಕಂಪನಿಯಲ್ಲೇ ಉಳಿಯಬೇಕು, ವಿದ್ಯುತ್ ಯೋಜನೆ ಮುಂತಾದವಕ್ಕೆ ಗುತ್ತಿಗೆ ಕೊಡಬಹುದು. ನಿರ್ವಸಿತರ ಪುನರ್ವಸತಿಯೂ ಆ ಪಟ್ಟಿಯಲ್ಲಿ ಒಂದು ಸಾಲು. ಕಂಪನಿ ಅಂದ್ರೆ ಸರ್ಕಾರ, ಸರ್ಕಾರ ಅಂದ್ರೆ ಜನ ಅಂತಾರೆ ಬುದ್ಧಿವಂತರು. ಹಾಗಾದ್ರೆ ಬಾಡಿಗೆ ಮಾತ್ರ ಜನಕ್ಕೆ ಯಾಕೆ ಬರೋದಿಲ್ಲ?

ಇನ್ನು ಕೆಲಸ. 1990ರ ಆಸುಪಾಸಿನಲ್ಲಿ ಸಿಂಗರೇಣಿಯಲ್ಲಿ ಲಕ್ಷಕ್ಕೂ ಮಿಕ್ಕಿ ಕಾರ್ಮಿಕರಿದ್ದರು. ತೆರೆದ ಗಣಿ, ದೈತ್ಯ ಯಂತ್ರ ಬಂದವು. ಈಗ ಸುಮಾರು 40,000. ಸೋಲಾರ್ ಫಲಕಕ್ಕೆ ಅಷ್ಟು ಕೈಯೂ ಬೇಡ. ಕಾವಲಿಗೆ, ಹುಲ್ಲು ಕೀಳೋಕೆ, ಫಲಕ ತೊಳೆಯೋಕೆ ಒಂದಿಷ್ಟು ಗುತ್ತಿಗೆ ಕೂಲಿ. ಆ ಪೊರಕೆ ಯಾರ ಕೈಗೆ ಬರ್ತದೆ ಅಂತ ಹೇಳಬೇಕೆ?

ಪಾವಗಡ ನೋಡಿ. ಅದು ಗಣಿಯ ನೆಲವಲ್ಲ, ಆದರೆ ಪಾಠ ಅದೇ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿದವರಿಗೆ? ಪಹಣಿಯಲ್ಲಿ ಹೆಸರಿಲ್ಲ, ಬಾಡಿಗೆಯಲ್ಲೂ ಹೆಸರಿಲ್ಲ. ಕೂಲಿ ಹೋಯ್ತು. ಕುರಿ ಹೊಡಕೊಂಡು ಹೋದರೆ ಬೇಲಿ.

1943ರ ಡಿಸೆಂಬರ್‌ನಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ಧನಬಾದಿನ ಗಣಿಯೊಳಕ್ಕೆ ತಾವೇ ಇಳಿದು ನೋಡಿದರು. 1944ರಲ್ಲಿ ಕಲ್ಲಿದ್ದಲ ಮೇಲೆ ಸುಂಕ ಹಾಕಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಕಲ್ಲಿದ್ದಲಿಗೆ ಆಗಿದ್ದು ಬಿಸಿಲಿಗೆ ಯಾಕಾಗಬಾರದು?

ಗಣಿ ಮುಗಿದ ನೆಲದ ಸೋಲಾರು ನೆಲ ಕಳಕೊಂಡವರ, ಭೂಹೀನ ಕೂಲಿಗಳ, ಗುತ್ತಿಗೆ ಕಾರ್ಮಿಕರ ಸಹಕಾರ ಸಂಘದ ಹೆಸರಿನಲ್ಲಿ ನಡೆಯಲಿ. ಮಾರುವ ಪ್ರತಿ ಯೂನಿಟ್ಟಿನಲ್ಲೂ ಅವರ ಪಾಲಿರಲಿ. ಅಲ್ಲಿನ ಇಂಜಿನಿಯರು ಅವರ ಮಕ್ಕಳೇ ಆಗಲಿ, ಪೊರಕೆ ಮಾತ್ರ ಅವರಿಗಲ್ಲ.

ಗೆಳೆಯರೇ, ರಜೆಗೆ ಊರಿಗೆ ಹೋದಾಗ ಪಹಣಿ ತೆಗೆಸಿ ನೋಡಿ, ಗುತ್ತಿಗೆ ಪತ್ರ ಕೇರಿಯಲ್ಲಿ ಓದಿ ಹೇಳಿ. ಓದು ಕಲಿತದ್ದು ಅದಕ್ಕೇ. ನೆಲ ಒಡೆಯರ ಪಾಲಾಯ್ತು, ನೀರು ಮೇಲ್ಗೇರಿಯ ಪಾಲಾಯ್ತು. ಬಿಸಿಲೊಂದೇ ನಮ್ಮ ಬೆನ್ನ ಮೇಲೆ ಉಳಿದಿತ್ತು. ಅದನ್ನು ಬೇಲಿಯೊಳಕ್ಕೆ ಬಿಟ್ಟುಕೊಡಲಾರೆವು.