ಪೈಪಿಗೆ ಬಿಲ್ಲು, ನೀರಿಗೆ ಲೆಕ್ಕವಿಲ್ಲ

ಬೆಂಗಳೂರಿನ ಹೆಬ್ಬಾಳದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯವರೆಗೆ ಹೋಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಗುರಿ ದಿನಕ್ಕೆ 210 ದಶಲಕ್ಷ ಲೀಟರ್ ನೀರು, 65 ಕೆರೆಗಳು. ಸದಾ ಹರಿಯುವ ನದಿಯಿಲ್ಲದ ಸೀಮೆಗೆ ಈ ನೀರು ಬೇಕೇ ಬೇಕು. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಅಲ್ಲಿನ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2018ರಲ್ಲಿ ಇಂಥದ್ದೇ ಇನ್ನೊಂದು ಯೋಜನೆಯಾದ ಕೆ.ಸಿ. ವ್ಯಾಲಿಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಹೊಸತರಲ್ಲೇ ನೊರೆ ಎದ್ದಿತ್ತು. ಹೈಕೋರ್ಟ್ ತಡೆ ಕೊಟ್ಟಿತು, ಮುಂದೆ ಅದು ತೆರವಾಯಿತು. ಇತ್ತ ಯಲಹಂಕದಲ್ಲಿ ಮೂರನೇ ಹಂತದ ಘಟಕ ಎಂದೋ ಆಗಿದೆ, ಅದರ ನೀರು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ನಿಲ್ದಾಣಕ್ಕೆ ಸಿಕ್ಕಿದ್ದು ಅದರಾಚೆಯ ಹಳ್ಳಿಗಳಿಗೆ ಏಕಿಲ್ಲ?

ನನ್ನ ಪ್ರಕಾರ ತೊಡಕಿರುವುದು ಗುತ್ತಿಗೆಯ ಕರಾರಿನಲ್ಲಿ. ಇಂಥ ಕಾಮಗಾರಿಯ ಅಳತೆ ಪುಸ್ತಕ, ಇಂಜಿನಿಯರುಗಳ ಬಾಯಲ್ಲಿ ಎಂ.ಬಿ., ಒಮ್ಮೆ ತೆರೆದು ನೋಡಿ. ಎಷ್ಟು ಮೀಟರ್ ಅಗೆತ, ಎಷ್ಟು ಆಳ, ಎಷ್ಟು ವ್ಯಾಸದ ಪೈಪು, ಎಷ್ಟು ಕಾಂಕ್ರೀಟು, ಎಲ್ಲವೂ ಸಾಲುಸಾಲಾಗಿ ಬರೆದಿರುತ್ತದೆ. ಕಿರಿಯ ಇಂಜಿನಿಯರ್ ಅಳೆದು ಬರೆಯುತ್ತಾರೆ, ಮೇಲಿನವರು ತಾಳೆ ನೋಡಿ ಸಹಿ ಹಾಕುತ್ತಾರೆ, ಬಿಲ್ಲು ಪಾಸಾಗುತ್ತದೆ. ಕೆರೆಗೆ ಬಿದ್ದ ನೀರು ಎಷ್ಟು, ಎಂಥದ್ದು ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಟೆಂಡರ್ ಕರೆಯುವ ಕ್ರಮಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಗುತ್ತಿಗೆದಾರರಿಂದ ನೀರಿನ ಲೆಕ್ಕ ಕೇಳಲು ಅಂಥದ್ದೇನೂ ನನಗೆ ಕಾಣುವುದಿಲ್ಲ.

ಯೋಜನಾ ವರದಿ, ಅಂದರೆ ಡಿಪಿಆರ್, ಬರೆಯುವವರ ಹೊಣೆಯಂತೂ ಇನ್ನೂ ತೆಳು. ಬಯಲುಸೀಮೆಗೆ ನೀರು ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿಗೆ ಏರಿತು, ಆಮೇಲೆ 23,251 ಕೋಟಿ ದಾಟಿತು. 24.01 ಟಿಎಂಸಿ ನೀರು ಸಿಗುತ್ತದೆಂದು ವರದಿ ಹೇಳಿತ್ತು. ಅಷ್ಟು ಸಿಗದು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಆಗಲೇ ಎಚ್ಚರಿಸಿತ್ತು. ಲೆಕ್ಕ ತಪ್ಪಿದರೆ ತೆರುವವರು ತೆರಿಗೆದಾರರು, ಕಾಯುವವರು ಬಯಲುಸೀಮೆಯವರು. ವರದಿ ಬರೆದವರ ಶುಲ್ಕ ಮಾತ್ರ ಎಂದೋ ಸಂದಾಯವಾಗಿರುತ್ತದೆ.

ಬೇರೆ ದಾರಿ ನಮ್ಮಲ್ಲೇ ಇದೆ. ವಿಶ್ವಬ್ಯಾಂಕ್ ನೆರವಿನಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಂತು. ಶುಲ್ಕದ ಒಂದು ಭಾಗ ಗುರಿ ಮುಟ್ಟಿದರಷ್ಟೇ ಎಂಬ ಷರತ್ತು ಆ ಕೆಲಸ ಮಾಡಿದ ಖಾಸಗಿ ಕಂಪನಿಯ ಗುತ್ತಿಗೆಯಲ್ಲಿತ್ತು. ನಲ್ಲಿ ನೀರನ್ನು ಖಾಸಗಿ ಕಂಪನಿಗೆ ಒಪ್ಪಿಸುವುದಕ್ಕೆ ನನ್ನ ಮನಸ್ಸು ಈಗಲೂ ಒಪ್ಪುವುದಿಲ್ಲ, ಆದರೆ ಆ ಷರತ್ತನ್ನು ಎತ್ತಿಕೊಳ್ಳಲು ಅಡ್ಡಿಯೇನು?

ಕೆರೆ ತುಂಬಿಸುವ ಯೋಜನೆಯ ಹೊಣೆ ಹೊತ್ತ ಸಣ್ಣ ನೀರಾವರಿ ಇಲಾಖೆ ಮುಂದಿನ ನಿರ್ವಹಣಾ ಟೆಂಡರಿನಲ್ಲೇ ಈ ಷರತ್ತನ್ನು ಸೇರಿಸಲಿ. ಕೆರೆಯ ಅಂಚಿನಲ್ಲಿ ಮೀಟರ್ ಕೂರಲಿ. ಹೊರಗಿನ ಪ್ರಯೋಗಾಲಯ ವಾರಕ್ಕೊಮ್ಮೆ ನೀರು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ನೀರು ಕೆಟ್ಟ ವಾರದ ಹಣ ತಡೆಹಿಡಿಯಲಿ.