ಬಿಪಿ ನೋಡಿದ್ರು, ನಿದ್ದಿ ಕೇಳಲಿಲ್ಲ

ನಮ್ಮೂರ ಸರಕಾರಿ ದವಾಖಾನಿಗೆ ನಾ ಒಂದು ವರ್ಷ ಅಡ್ಡಾಡೀನಿ. ತಲಿ ಭಾರ, ಎದಿ ಡವಡವ, ಕೈಕಾಲಾಗ ಶಕ್ತಿ ಇಲ್ಲ. ಬಿಪಿ ನೋಡಿದ್ರು, ಸಕ್ಕರಿ ನೋಡಿದ್ರು. "ಏನೂ ಇಲ್ರಿ, ಆರಾಮ ಅದೀರಿ" ಅಂತ ಶಕ್ತಿ ಗುಳಿಗಿ ಕೊಟ್ಟು ಕಳಸ್ತಿದ್ರು. ಆರಾಮ ಇದ್ದಾಕಿ ನಸಿಕಿನ್ಯಾಗ ಮೂರಕ್ಕ ಎದ್ದು ಕುಂತು ಯಾಕ ಅಳ್ತಿದ್ದೆ? ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರೊಟ್ಟಿ ಹಿಟ್ಟು ನಾದಿ ಹಂಗ ಬಿಟ್ಟು ಕುಂತಿರ್ತಿದ್ದೆ. ಮನ್ಯಾಗ "ಮುಟ್ಟು ನಿಂತ ಮ್ಯಾಲೆ ಹಿಂಗ ಆಗ್ತೈತಿ" ಅಂದ್ರು.

ಕಡಿಕ್ಕ ಕೇಳಿದಾಕಿ ಹೊಸದಾಗಿ ಬಂದ ನರ್ಸಬಾಯಿ. ಬಿಪಿ ಪಟ್ಟಿ ಬಿಚ್ಚಕೋತ, "ಅಕ್ಕಾರ, ಈ ಹದಿನೈದು ದಿನದಾಗ ಯಾವುದರಾಗೂ ಮನಸ ಹತ್ತವಲ್ದೇನ್ರಿ? ಮನಸು ಕುಗ್ಗಿದಂಗ ಆಗ್ತೈತೇನ್ರಿ?" ಅಂದ್ಲು. ಅಲ್ಲೇ ಬೆಂಚಿನ ಮ್ಯಾಲೆ ಅತ್ತಬಿಟ್ಟೆ.

ಈ ಎರಡ ಪ್ರಶ್ನಿ ಆಕಿ ತಲ್ಯಾಗ ಹುಟ್ಟಿದ್ದಲ್ಲ, ಬ್ಯಾರೆ ದೇಶದ ಡಾಕ್ಟರ್ರೂ ಮೊದಲು ಇವನ್ನ ಕೇಳ್ತಾರ. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 1980ರ ದಶಕದಾಗ ನಿಮ್ಹಾನ್ಸ್‌ದವರು ಬಳ್ಳಾರಿ ಜಿಲ್ಲಾದಾಗ ಹಳ್ಳಿ ದವಾಖಾನಿ ಡಾಕ್ಟರ್ರಿಗೆ ತರಬೇತಿ ಕೊಟ್ಟು, ಮನಸಿನ ಬ್ಯಾನಿಗೆ ಅಲ್ಲೇ ಔಷಧ ಸಿಗೂವಂಗ ಮಾಡಿದ್ರು. ಅದನ್ನ ನೋಡೇ 1996ರಾಗ ದೇಶದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಸುರು ಆತು. ಈಗ ಮಂಗಳವಾರ ತಾಲೂಕ ದವಾಖಾನಿಗೆ ಮನಸಿನ ಡಾಕ್ಟರ್ರು ಬರ್ತಾರ, ಮನೋಚೈತನ್ಯ ಅಂತಾರ ಅದಕ್ಕ. 14416ಕ್ಕ ಫೋನ್ ಹಚ್ಚಿದ್ರ ಪುಕಟ ಮಾತಾಡ್ತಾರ. ಛಲೋ. ಆದ್ರ ಮನಿತುಂಬ ಮಂದಿ ಇದ್ದಾಗ ಯಾವ ಮೂಲ್ಯಾಗ ನಿಂತು ಮಾತಾಡ್ಲಿ? ನಮ್ಮ ಕಡೆ "ಧಾರವಾಡಕ್ಕ ಕಳಸ್ರಿ" ಅಂದ್ರನ ಬೈಗುಳ. ಹೆಣ್ಮಕ್ಕಳಿಗೆ ಬಸ್ಸು ಪುಕಟ ಆಗೇತಿ, "ಎಲ್ಲಿಗೆ ಹೊಂಟಿ?" ಅನ್ನೂದೇನ ತಪ್ಪಿಲ್ಲ.

ಅದಕ್ಕ ನಾ ಹೇಳೂದು, ಬಿಪಿ ನೋಡೂ ಮೇಜಿನ ಮ್ಯಾಲೇ ಈ ಪ್ರಶ್ನಿನೂ ಕೇಳ್ರಿ. ಬಿಪಿ ಗುಳಿಗಿ ಕೊಡೂ ಕಿಟಕ್ಯಾಗನ ಈ ಗುಳಿಗಿನೂ ಕೊಡ್ರಿ. ಅದಕ್ಕ ಬ್ಯಾರೆ ಕಿಟಕಿ, ಬ್ಯಾರೆ ವಾರ ಅಂತ ಮಾಡಿದ್ರ ಯಾರೂ ಬರೂದಿಲ್ಲ.

"ಪಾಳಿಯೊಳಗ ನೂರು ಮಂದಿ ನಿಂತಿರ್ತಾರ, ಡಾಕ್ಟರ್ರಿಗೆ ಪುರಸೊತ್ತೆಲ್ಲಿ?" ಅಂತ ನಮ್ಮ ನೆಗೆಣ್ಣಿ ಅಂದ್ಲು. ಖರೆ. ಆದ್ರ ಆ ಪಾಳಿಯೊಳಗ ವರ್ಷಾನಗಟ್ಟಲೆ ನಾನೂ ನಿಂತಿದ್ನೆಲ್ಲ, ಬ್ಯಾಡಾದ ಗುಳಿಗಿ ತಗೊಳ್ಳಾಕ? ಮೊದಲ ದಿನಾನ ಕೇಳಿದ್ರ ಎಷ್ಟ ವ್ಯಾಳ್ಯಾ ಉಳೀತಿತ್ತು.

ಹಂಗಂತ ಎಲ್ಲಾರ ಮುಂದ ಕೇಳಬ್ಯಾಡ್ರಿ. ಪಾಪ, ನರ್ಸಬಾಯಿ ಸಣ್ಣ ದನಿಲೇ ಕೇಳಿದ್ಲು, ಆದ್ರೂ ನನ್ನ ಹಿಂದ ನಿಂತಾಕಿ ಕಿವಿಗೆ ಬಿದ್ದು, ಸಂಜಿಕ ನಮ್ಮ ಓಣಿಗೆಲ್ಲ ಗೊತ್ತಾತು. ಒಂದು ಪರದೆ ಕಟ್ಟಾಕ ಎಷ್ಟ ರೊಕ್ಕ ಹತ್ತತೈತಿ?

ನಮ್ಮೂರಾಗ ಆ ಗುಳಿಗಿ ಇನ್ನೂ ಸಿಗೂದಿಲ್ಲ. ತಿಂಗಳಿಗೊಮ್ಮೆ ಮಂಗಳವಾರ ತಾಲೂಕಿಗೆ ಹೋಗಿ ತರ್ತೀನಿ. ನಿದ್ದಿ ಬರಾಕ ಹತ್ತೇತಿ, ರೊಟ್ಟಿನೂ ಬಡೀತೀನಿ. ಮಗಳ ಬೀಗರು ಕೇಳಿದ್ರ ಮಾತ್ರ "ಕಣ್ಣು ತೋರಸಾಕ ಹೋಗಿದ್ದೆ" ಅಂತೀನಿ.